ಘಣಸೋಲಿಯಲ್ಲಿ ಏಳದವನು

ಆ ಶನಿವಾರ ಬೆಳಿಗ್ಗೆ ನಾನು ಆಸ್ಪತ್ರೆಯನ್ನು ಹೇಗೆ ತಲುಪಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ನಾಲ್ಕೈದು ವರ್ಷ ಕಳೆದೆ. ನನ್ನ ನೆನಪು ಹೇಳುವುದು ಹೀಗೆ: ಮುಂಬಯಿ ಪಕ್ಕದ ಠಾಣೆ ಊರಿನಿಂದ ನೆರೂಳಿಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಘಣಸೋಲಿ ಸ್ಟೇಷನ್ ಬಂತು. ಎದ್ದು ನಿಂತೆ. ಇನ್ನು ಸಾಕು ಅನ್ನಿಸಿತು. ನೆರೂಳಿನಲ್ಲಿ ಇಳಿದು, ಕಾಲೇಜಿನ ಕಡೆ ತಿರುಗದೆ, ಆಸ್ಪತ್ರೆಯ ಕಡೆ ನಡೆದೆ. ಒಬ್ಬನೇ. ಕ್ಯಾಶುವಲ್ಟಿಯಲ್ಲಿ ಹೆಸರು ಹೇಳಿದ ಮೇಲೆ ಫಿಟ್ಸ್ ಬಂದು ಬಿದ್ದೆ.

ನನ್ನ ಹೆಂಡತಿ ಶಶಿಕಲಾ ಈ ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಆಸ್ಪತ್ರೆಯಿಂದ ಫೋನ್ ಬಂದು ಅವಳು ಡೊಂಬಿವಲಿಯ ನಮ್ಮ ಮನೆಯಿಂದ ಓಡಿ ಬಂದಾಗ ನಾನು ಹಾಸಿಗೆಯ ಮೇಲಿದ್ದೆ, ಬ್ಯಾಗು ತಲೆಯ ಹತ್ತಿರ ಇತ್ತು. ನರ್ಸ್, "ಯಾರೋ ತಂದು ಬಿಟ್ಟು ಹೋದರು" ಎಂದಳಂತೆ. ದಿನಕ್ಕೆ ಐವತ್ತು ಜನರನ್ನು ನೋಡುವ ನರ್ಸ್ ಬೇರೆ ಯಾರದೋ ವಿಷಯ ನನಗೆ ಸೇರಿಸಿರಬೇಕು ಎಂದು ನಾನು ವಾದಿಸಿದೆ. ವಾದದಲ್ಲಿ ಶಶಿಕಲಾ ನನ್ನನ್ನು ಗೆಲ್ಲುವುದಿಲ್ಲ. ಗೆಲ್ಲಲು ಅವಳು ಪ್ರಯತ್ನಿಸುವುದೂ ಇಲ್ಲ.

ನಾನು ನೆರೂಳಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಯಾರೋ ಹೇಳಿದ್ದನ್ನು ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ ಎಂದು ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ನನ್ನದೇ ಈ ಕಥೆಯನ್ನು ಮಾತ್ರ ಪರೀಕ್ಷಿಸಲಿಲ್ಲ. ಅದರ ಮೇಲೆ ನನ್ನ ಇಡೀ ಗುಣವಾಗುವಿಕೆ ನಿಂತಿತ್ತು. ಅಡಿಪಾಯವನ್ನು ಯಾರು ಅಗೆದು ನೋಡುತ್ತಾರೆ?

ಬೆನ್ನು ಹಿಡಿದದ್ದು ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ, ಹನ್ನೆರಡೂ ಇರಬಹುದು. ಡೊಂಬಿವಲಿಯಿಂದ ಬಂದು, ಟ್ರೇನು ಬದಲಿಸಲು ಠಾಣೆಯಲ್ಲಿ ಇಳಿಯುವಾಗ ಹಿಂದಿನಿಂದ ಜನ ತಳ್ಳಿದರು, ಮುಂದಿನಿಂದ ಹತ್ತುವವರು ನುಗ್ಗಿದರು, ನಡುವೆ ನನ್ನ ಸೊಂಟ ಯಾವುದೋ ಕಡೆ ತಿರುಗಿತು. ಎಡಗಾಲಿನ ಹೆಬ್ಬೆರಳಿನವರೆಗೆ ಬೆಂಕಿ ಹರಿದಂತೆ. ಡಿಸ್ಕ್ ಜಾರಿದೆ ಎಂದರು. ಎರಡು ವಾರ ಮಲಗಿದೆ. ಸಾಮಾನ್ಯ ಮಾತ್ರೆಗಳು ಕೆಲಸ ಮಾಡಲಿಲ್ಲ ಎಂದು ಡಾಕ್ಟರು ಇನ್ನೊಂದು ಬರೆದುಕೊಟ್ಟರು. ಅದು ಅಫೀಮಿನ ಬಳಗದ್ದು ಎಂದು ಅವರು ಹೇಳಿದ್ದರೇ, ನಾನು ಕೇಳಿಸಿಕೊಳ್ಳಲಿಲ್ಲವೇ, ಗೊತ್ತಿಲ್ಲ. ನೆನಪಿರುವುದು ಮೊದಲ ಮಾತ್ರೆಯ ನಂತರದ ಅರ್ಧ ಗಂಟೆ. ನೋವು ಹೋಯಿತು ಎನ್ನುವುದಕ್ಕಿಂತ, ನೋವು ಪಕ್ಕದ ಫ್ಲಾಟಿಗೆ ಹೋಗಿ ಅಲ್ಲಿ ಟಿ.ವಿ. ನೋಡುತ್ತಿದೆ ಅನ್ನಿಸಿತು. ಇಎಂಐ, ಪ್ರಿನ್ಸಿಪಾಲ್, ಮಗಳ ಗಣಿತ, ಎಲ್ಲವೂ ಅದರ ಜೊತೆಗೇ ಆ ಕಡೆ ಹೋಗಿದ್ದವು.

ಹದಿನೈದು ದಿನಕ್ಕೆ ಬರೆದ ಚೀಟಿ ಅದು. ಡೊಂಬಿವಲಿ ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲಿ ಐದು ಮೆಡಿಕಲ್ ಶಾಪುಗಳಿದ್ದವು. ಕನ್ನಡಕ, ಇಸ್ತ್ರಿ ಶರ್ಟು, ಕೈಯಲ್ಲಿ ಪುಸ್ತಕ. "ಆಯಿಯೇ ಪ್ರೊಫೆಸರ್ ಸಾಬ್" ಎನ್ನುವವರು ಚೀಟಿಯ ತಾರೀಕು ನೋಡುತ್ತಾರೆಯೇ? ಒಂದೇ ಅಂಗಡಿಗೆ ಹೋದರೆ ಅನುಮಾನ ಬಂದೀತೆಂದು ವಾರದ ಐದು ದಿನಕ್ಕೆ ಐದು ಅಂಗಡಿ ಹಂಚಿಕೊಂಡೆ. ಅನುಮಾನ ಬಾರದಂತೆ ನೋಡಿಕೊಳ್ಳಬೇಕು ಎಂದು ಯಾವಾಗ ತೋಚಿತೋ ಆಗಲೇ ನಾನು ಕಾಯಿಲೆಯವನಾಗಿದ್ದೆ. ಆ ದಿನ ಯಾವುದು ಎಂದು ಹೇಳಲಾರೆ.

ಇನ್ನು ನಮ್ಮ ಟ್ರೇನಿನ ವಿಷಯ ಹೇಳಬೇಕು. ಠಾಣೆಯಿಂದ ನವಿ ಮುಂಬಯಿಯ ಕಡೆ ಹೋಗುವ ಲೋಕಲು ಠಾಣೆಯಲ್ಲೇ ಹೊರಡುವುದರಿಂದ ಓಡಿದವರಿಗೆ ಸೀಟು ಸಿಗುತ್ತದೆ. ನಮ್ಮದು ಆರು ಜನರ ಗ್ರೂಪು, ಸಾಮಾನ್ಯವಾಗಿ ಮೂರು ಸೀಟು. ಗ್ರೂಪಿನ ಹಿರಿಯ, ಮುನಿಸಿಪಾಲಿಟಿಯ ಗುಮಾಸ್ತ ಸಾವಂತ್ ಕಾಕಾ, ಒಂದು ಕಾನೂನು ಮಾಡಿದ್ದರು: ಠಾಣೆಯಿಂದ ಕೂತವರು ಘಣಸೋಲಿಯಲ್ಲಿ ಏಳಬೇಕು, ಅಲ್ಲಿಯವರೆಗೆ ನಿಂತವರು ಕೂರಬೇಕು. ಘಣಸೋಲಿ ಬಂದ ಕೂಡಲೇ ಕಾಕಾ ಕಂಡಕ್ಟರನ ಹಾಗೆ ಕೂಗುತ್ತಿದ್ದರು, "ಘಣಸೋಲಿ! ಉಠಾ, ಉಠಾ!" ನಿದ್ದೆಯಲ್ಲಿದ್ದವರೂ ಏಳುತ್ತಿದ್ದರು. ಈ ಕಾನೂನಿಗೆ ಯಾರೂ ಸಹಿ ಹಾಕಿರಲಿಲ್ಲ, ಯಾರೂ ಮುರಿದಿರಲೂ ಇಲ್ಲ.

ಬೆನ್ನು ಹಿಡಿದ ಮೇಲೆ ಮೊದಲ ದಿನ ನಾನು ಕೆಲಸಕ್ಕೆ ಬಂದಾಗ ಘಣಸೋಲಿಯಲ್ಲಿ ಏಳಲು ಹೊರಟೆ. ಎದುರು ನಿಂತಿದ್ದ ಮಲ್ಲಪ್ಪ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ.

"ಕುಂಡ್ರಿ ಸರ, ಕುಂಡ್ರಿ. ನಡಾ ನೋಯ್ತೈತಿ ಅಂದ್ರ ಏಳೂದ್ಯಾಕ? ನಮಗೇನ್ರಿ, ದಿನಾ ಹೊರೆ ಹೊರಾವ್ರು. ಬರೇ ನಿಂತ್ರ ನಮಗ ಸೂಟಿ ಇದ್ದಂಗ."

ಮಲ್ಲಪ್ಪ ವಿಜಯಪುರದ ಕಡೆಯವನು. ದಿವಾದಲ್ಲಿ ಒಂದು ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ, ತುರ್ಭೆಯ ಗೋದಾಮೊಂದರಲ್ಲಿ ಹಮಾಲಿ. ನನ್ನದೇ ವಯಸ್ಸು. ಗ್ರೂಪಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನನ್ನ ಮಂಗಳೂರು ಕಡೆಯ ಕನ್ನಡ ಕೇಳಿ ಅವನಿಗೆ ನಗು, ಅವನದು ಕೇಳಿ ನನಗೆ. "ನೀವು ಪುಸ್ತಕ ಓದಿದಂಗ ಮಾತಾಡ್ತೀರಿ ಸರ, ಬೈದ್ರೂ ಬೈದಂಗ ಅನಸೂದಿಲ್ಲ" ಎನ್ನುತ್ತಿದ್ದ.

ಮೂರು ಸೀಟಿನಲ್ಲಿ ಒಂದನ್ನು ನಾನು ಬಿಡದಿದ್ದರೆ, ನಿಂತ ಮೂವರಲ್ಲಿ ಒಬ್ಬನಿಗೆ ಘಣಸೋಲಿಯ ನಂತರವೂ ಸೀಟಿಲ್ಲ. ಆ ಒಬ್ಬ ಪ್ರತಿ ದಿನ ಮಲ್ಲಪ್ಪನೇ ಆದ. ಹೀಗೆಂದು ಯಾರೂ ಗೊತ್ತು ಮಾಡಿರಲಿಲ್ಲ. ಹದಿನೈದು ದಿನ ಎಂದುಕೊಂಡದ್ದು ಸುಮಾರು ಎರಡು ವರ್ಷ ನಡೆಯಿತು.

ಬೆನ್ನು ನೋವು ಯಾವಾಗ ಹೋಯಿತು? ಈ ಪ್ರಶ್ನೆಯೊಂದಿಗೆ ನಾನು ಬಹಳ ದಿನ ಗುದ್ದಾಡಿದ್ದೇನೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ಪುರಾವೆಯಿಲ್ಲದೆ ಮಾತ್ರೆ ನುಂಗುವವನಲ್ಲ ನಾನು. ಪ್ರಯೋಗ ಮಾಡಿ ನೋಡಿದ್ದೆ. ಒಂದು ದೀಪಾವಳಿ ರಜೆಯಲ್ಲಿ ಮಾತ್ರೆ ಪೂರ್ತಿ ನಿಲ್ಲಿಸಿದೆ. ನೋವು ಇಲ್ಲದಿದ್ದರೆ ಮಾತ್ರೆ ಬೇಡ, ನೋವು ಬಂದರೆ ಮಾತ್ರೆ ಬೇಕು. ಇದಕ್ಕಿಂತ ಸರಳ ಪ್ರಯೋಗವಿದೆಯೇ? ಮರುದಿನ ಮಧ್ಯಾಹ್ನಕ್ಕೆ ಬೆನ್ನು ಮುರಿದು ಬೀಳುವಂತಾಯಿತು. ಮೂಗು ಸುರಿಯಿತು, ಆಕಳಿಕೆ ನಿಲ್ಲಲಿಲ್ಲ, ಕಾಲುಗಳು ಹಾಸಿಗೆಯಲ್ಲಿ ತಾವೇ ಸೈಕಲ್ ತುಳಿದವು. ಫ್ಲೂ ಬಂದಿದೆ, ಜೊತೆಗೆ ಬೆನ್ನೂ ಎದ್ದಿದೆ ಎಂದು ಬರೆದುಕೊಂಡೆ. ಎರಡು ಮಾತ್ರೆ ನುಂಗಿದೆ. ಫ್ಲೂ ಮತ್ತು ಬೆನ್ನು ಎರಡೂ ಒಂದೇ ಗಂಟೆಯಲ್ಲಿ ಹೋದವು. ಫ್ಲೂ ಒಂದು ಗಂಟೆಯಲ್ಲಿ ಹೋಗುವುದಿಲ್ಲ ಎಂದು ನನ್ನ ಮಗಳಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ನೋವು ಇನ್ನೂ ಇದೆ ಎಂದು ಸಾಬೀತಾಯಿತೆಂದು ಸಮಾಧಾನಪಟ್ಟೆ. ಮಾತ್ರೆ ತನ್ನ ಕೆಲಸವನ್ನು ತಾನೇ ಸೃಷ್ಟಿಸಿಕೊಳ್ಳುತ್ತಿತ್ತು. ಮೊದಲ ವರ್ಷದ ವಿದ್ಯಾರ್ಥಿ ಇಂಥ ಪ್ರಯೋಗ ಬರೆದು ತಂದಿದ್ದರೆ ಹಾಳೆಯನ್ನು ಹಿಂದಕ್ಕೆ ಕೊಡುತ್ತಿದ್ದೆ.

ಆ ಚಳಿಗಾಲದ ಒಂದು ಬೆಳಿಗ್ಗೆ ಠಾಣೆಯ ಸೇತುವೆಯ ಮೇಲಿಂದ ನೋಡಿದರೆ ಟ್ರೇನು ನಿಂತಿತ್ತು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದೆ, ಮಲ್ಲಪ್ಪನನ್ನೂ ಹಿಂದೆ ಹಾಕಿ, ಕಿಟಕಿಯ ಸೀಟು ಹಿಡಿದೆ. ಕೂತ ಮೇಲೆ ಅಭ್ಯಾಸದಿಂದ ಸೊಂಟದ ಮೇಲೆ ಕೈಯಿಟ್ಟು ಮುಖ ಕಿವುಚಿದೆ. ಮಲ್ಲಪ್ಪ ಏದುಸಿರು ಬಿಡುತ್ತಾ ಬಂದು ನಿಂತ.

"ಸರ, ನಿಮ್ಮ ನಡಾ ಭಾಳ ಶಾಣ್ಯಾ ಐತ್ರಿ. ಓಡುವಾಗ ಆರಾಮ್ ಇರ್ತೈತಿ, ಕುಂತ ಮ್ಯಾಲ ನೋಯ್ತೈತಿ."

ಸಾವಂತ್ ಕಾಕಾ "ಕಾಯ್ ಮ್ಹಣತೋ?" ಎಂದು ಕೇಳಿದರು. ಮಲ್ಲಪ್ಪ ಹರಕು ಮರಾಠಿಯಲ್ಲಿ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಐರೋಳಿ ದಾಟುವುದರೊಳಗೆ ಬ್ಯಾಗಿನಲ್ಲಿ ಕೈ ಹಾಕಿ ಎರಡು ಮಾತ್ರೆ ತೆಗೆದು ನೀರಿಲ್ಲದೆ ನುಂಗಿದೆ. ಮಲ್ಲಪ್ಪ ನೋಡುತ್ತಿದ್ದ.

"ಎಷ್ಟ್ ಗುಳಿಗಿ ಆತ್ರಿ ಇದು? ಸಂಜಿಗೂ ನೋಡ್ತೀನಿ, ಮುಂಜಾನೀನೂ ನೋಡ್ತೀನಿ."

"ನಿನಗೆ ಗೊತ್ತಾಗುವುದಿಲ್ಲ ಮಲ್ಲಪ್ಪಾ. ಡಾಕ್ಟರು ಬರೆದದ್ದು."

"ಹೌದ್ ಬಿಡ್ರಿ, ನಮಗೇನ್ ತಿಳೀತೈತಿ" ಎಂದ. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಆಗ ಯೋಚಿಸಲಿಲ್ಲ. ಮೂರು ದಿನ ಅವನೊಂದಿಗೆ ಮಾತಾಡಲಿಲ್ಲ, ಸೀಟು ಮಾತ್ರ ಬಿಡಲಿಲ್ಲ.

ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ ಎಂದು ನಂಬಿದ್ದೆ. ಮಗಳು ಅದಿತಿಗೆ ಆಗ ಹನ್ನೊಂದು. ನಾನು ಊಟದ ತಟ್ಟೆಯ ಮುಂದೆ ತೂಕಡಿಸಿದರೆ ಅವಳು ಚಮಚದಿಂದ ತಟ್ಟೆ ಬಡಿದು, "ಪಪ್ಪಾ, ಫಿರ್ ಸೇ ಸೋ ಗಯೇ!" ಎನ್ನುತ್ತಿದ್ದಳು. ಶಶಿಕಲಾ, "ನಿಮ್ಗೆ ಶುಗರ್ ಉಂಟಾ ಎಂತ, ಒಮ್ಮೆ ರಕ್ತ ನೋಡಿಸಿ ಮಾರಾಯ್ರೇ" ಎನ್ನುತ್ತಿದ್ದಳು. ಶುಗರ್ ಇರಲಿಲ್ಲ. ಅವಳು ಬೇರೆ ಬೇರೆ ಕಾಯಿಲೆಗಳನ್ನು ಹುಡುಕುತ್ತಾ ಹೋದಳು. ಕುಡಿಯದ, ಸಿಗರೇಟು ಸೇದದ ಗಂಡನ ಮೇಲೆ ಆ ಒಂದು ಅನುಮಾನ ಮಾತ್ರ ಅವಳಿಗೆ ಬರಲು ದಾರಿಯೇ ಇರಲಿಲ್ಲ.

ಹೀಗಿರುವಾಗ ಆ ಶನಿವಾರ ಬಂತು. ಸಾವಂತ್ ಕಾಕಾರಿಗೂ ಉಳಿದವರಿಗೂ ರಜೆ. ಗ್ರೂಪಿನಲ್ಲಿ ನಾನು ಮತ್ತು ಮಲ್ಲಪ್ಪ ಇಬ್ಬರೇ. ನಾನು ಕೂತಿದ್ದೆ, ಅವನು ನಿಂತಿದ್ದ. ಮುಂದಿನದು ನಾನು ಆರಂಭದಲ್ಲಿ ಹೇಳಿದ ಹಾಗೆ: ಘಣಸೋಲಿ, ಎದ್ದದ್ದು, ತೀರ್ಮಾನ, ನಡಿಗೆ.

ಎಚ್ಚರವಾದಾಗ ನಾಲಿಗೆ ಕಚ್ಚಿ ಗಾಯವಾಗಿತ್ತು. ತಲೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಸಂಜೆ ಮನೋರೋಗ ವಿಭಾಗದಿಂದ ಒಬ್ಬ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹೆಂಗಸು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಕೈಯಲ್ಲಿ ಕೇಸ್ ಪೇಪರ್ ಇತ್ತು. ದಿನಕ್ಕೆ ಎಷ್ಟು ಮಾತ್ರೆ ಎಂದು ಹಿಂದಿಯಲ್ಲಿ ಕೇಳಿದರು.

"ನಾಲ್ಕು" ಎಂದೆ.

ಅವರು ಪೇಪರ್ ನೋಡಿದರು. "ಇಲ್ಲಿ ಹತ್ತಕ್ಕಿಂತ ಹೆಚ್ಚು ಎಂದು ಬರೆದಿದೆಯಲ್ಲ, ಸರ್."

ಹಾಸಿಗೆಯ ಆ ಬದಿಯಲ್ಲಿ ಶಶಿಕಲಾ ನಿಂತಿದ್ದಳು. ಅವಳ ಮುಖ ನೋಡದೆ, "ಹದಿನಾಲ್ಕು" ಎಂದೆ. ಆ ಹತ್ತಕ್ಕಿಂತ ಹೆಚ್ಚು ಎಂಬುದನ್ನು ಅವರಿಗೆ ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಅರೆ ಎಚ್ಚರದಲ್ಲಿ ನಾನೇ ಹೇಳಿರಬೇಕು ಎಂದುಕೊಂಡೆ. ಒಳ್ಳೆಯ ಕಥೆಗೆ ಹೊಂದದ ಸಂಗತಿಗಳನ್ನು ನಾವು ಹೀಗೇ ಪಕ್ಕಕ್ಕೆ ಸರಿಸುತ್ತೇವೆ.

ಇದೇ ಮಾತ್ರೆ ಅತಿಯಾದರೆ ಫಿಟ್ಸ್ ಬರಬಹುದು, ಒಮ್ಮೆಲೇ ಬಿಟ್ಟರೂ ಮೈ ತಡೆಯುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ ಎಂದರು. ಶಶಿಕಲಾ ಅವರು ಹೋಗುವವರೆಗೆ ಕಾದಳು.

"ಹದಿನಾಲ್ಕಾ?"

"ಹ್ಞೂಂ."

"ನಾನು ಎರಡು ವರ್ಷ ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿದ್ದು ಎಂತಕ್ಕೆ ಹಾಗಾದ್ರೆ?"

ಆಮೇಲೆ ಅವಳೇ, "ಜನ ಕೇಳಿದ್ರೆ ಎಂತ ಹೇಳುದು? ಕುಡಿತ ಅಂದ್ರಾದ್ರೂ ಅರ್ಥ ಆಗ್ತದೆ. ಮಾತ್ರೆ ಅಂದ್ರೆ ನಗಾಡ್ತಾರೆ" ಎಂದು, ಅಳುವ ಬದಲು ನಿಜವಾಗಿಯೂ ಸ್ವಲ್ಪ ನಕ್ಕಳು. ನನಗೆ ಆ ನಗು ದೊಡ್ಡ ಔಷಧಿಯಾಯಿತು ಎಂದು ಬರೆದರೆ ಚೆಂದ. ಆದರೆ ಆಗ ಹೆದರಿಕೆಯಾಯಿತು. ಅವಳು ನನ್ನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು.

ವಾರ್ಡಿನ ಮೊದಲ ನಾಲ್ಕು ದಿನಗಳನ್ನು ವಿವರಿಸುವುದಿಲ್ಲ. ಆ ದೀಪಾವಳಿಯ ಫ್ಲೂ ಹತ್ತು ಪಟ್ಟು. ವಾರ್ಡಿನಲ್ಲಿ ಕೆಲಸಕ್ಕಿದ್ದ ಮಾವಶಿ ಒಬ್ಬರು ಫ್ಯಾನು ಹಾಕಿದರೆ ಚಳಿ ಎನ್ನುತ್ತಿದ್ದೆ, ಆರಿಸಿದರೆ ಸೆಕೆ ಎನ್ನುತ್ತಿದ್ದೆ. "ಏಕ್ ಬಾತ್ ಬೋಲೋ ಸಾಬ್, ಥಂಡಿ ಕಿ ಗರಮಿ? ಮೈ ಸ್ವಿಚ್ ಕೇ ಪಾಸ್ ಹೀ ಖಡೀ ರಹೂಂ ಕ್ಯಾ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ನಿಜಕ್ಕೂ ಸ್ವಲ್ಪ ಹೊತ್ತು ಸ್ವಿಚ್ಚಿನ ಹತ್ತಿರವೇ ನಿಂತಿದ್ದರು. ಎಷ್ಟು ಹೊತ್ತು ಎಂದು ಹೇಳಲಾರೆ, ಆದರೆ ನಿಂತಿದ್ದರು. ಶಶಿಕಲಾ ಅದನ್ನು ಕಂಡಿದ್ದಾಳೆ.

ಆಮೇಲೆ ನಾಲಿಗೆಯ ಕೆಳಗೆ ಇಟ್ಟು ಕರಗಿಸುವ ಮಾತ್ರೆ ಶುರು ಮಾಡಿದರು. ಒಂದು ಮಾತ್ರೆಯ ಬದಲು ಇನ್ನೊಂದು ಮಾತ್ರೆ, ಇದೆಂಥ ಚಿಕಿತ್ಸೆ ಎಂದು, ನನ್ನ ದೀಪಾವಳಿಯ ಪ್ರಯೋಗವನ್ನೂ ಹೇಳಿ, ನಾನು ಡಾಕ್ಟರ ಹತ್ತಿರ ವಾದ ತೆಗೆದೆ. ಅವರು ಕೇಳಿಸಿಕೊಂಡು, "ನೀವು ಮಾಡಿದ ಪ್ರಯೋಗ ಎರಡು ದಿನದ್ದು. ನನ್ನದು ಒಂದು ವರ್ಷದ್ದು. ಮುಗಿದ ಮೇಲೆ ವಾದ ಮಾಡೋಣ" ಎಂದರು. ಅದು ನ್ಯಾಯವಾದ ಮಾತು. ಒಪ್ಪಿದೆ.

ಹೊರರೋಗಿ ವಿಭಾಗದಲ್ಲಿ ವ್ಯಸನಮುಕ್ತಿಯವರಿಗೆ ಬೇರೆ ಬೆಂಚುಗಳಿದ್ದವು. ಮೊದಮೊದಲು ಪಕ್ಕದ ಚರ್ಮರೋಗದ ಬೆಂಚಿನಲ್ಲಿ ಕೂತು, ಹೆಸರು ಕರೆದಾಗ ಎದ್ದು ಹೋಗುತ್ತಿದ್ದೆ. ಒಂದು ದಿನ ಕುಡಿತದ ಗಂಡನನ್ನು ಕರೆತಂದಿದ್ದ ಒಬ್ಬ ಹೆಂಗಸು ಜಾಗ ಮಾಡಿಕೊಟ್ಟು, "ಭೈಯಾ, ಆಪ್ ಕಿಸ್ ಕೇ ಸಾಥ್ ಆಯೇ?" ಎಂದು ಕೇಳಿದಳು. ನಾನು ಯಾರನ್ನೋ ಕರೆತಂದವನು ಎಂದು ಭಾವಿಸಿದ್ದಳೋ, ನನ್ನನ್ನು ಯಾರೋ ಕರೆತಂದಿದ್ದಾರೆ ಎಂದೋ. "ಅಕೇಲಾ ಆಯಾ" ಎಂದೆ, ಒಬ್ಬನೇ ಬಂದೆ ಎಂದು. ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಒಂದು ತಿಂಗಳ ನಂತರ ಟ್ರೇನಿಗೆ ಮರಳಿದೆ. ಗ್ರೂಪಿನವರಿಗೆ ಟೈಫಾಯ್ಡ್ ಎಂದು ಹೇಳಿದ್ದೆ. ಘಣಸೋಲಿ ಬಂದಾಗ ಎದ್ದು ನಿಂತೆ. ಕಾಕಾ ಕೂಗುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಮಲ್ಲಪ್ಪ ಸೀಟು ನೋಡಿದ, ನನ್ನನ್ನು ನೋಡಿದ, ಕೂತ. ಆಮೇಲೆ ಸದ್ದಿಲ್ಲದೆ ಸರಿದು ಅರ್ಧ ಸೀಟು ಖಾಲಿ ಮಾಡಿದ. "ಬರ್ರಿ ಸರ, ಇಬ್ರಿಗೂ ಆಗ್ತೈತಿ."

ಕೊಪರಖೈರಾಣೆ ದಾಟಿದ ಮೇಲೆ ಮೆಲ್ಲಗೆ ಕೇಳಿದೆ, "ಮಲ್ಲಪ್ಪಾ, ಆ ಶನಿವಾರ ಏನಾಯಿತು? ನಾನು ಇಲ್ಲಿ ಎದ್ದು ನಿಂತೆ, ಅಲ್ಲವಾ?"

ಅವನು ಕಿಟಕಿಯ ಹೊರಗೆ ನೋಡಿದ. "ಹೌದಲ್ರೀ. ನೀವಽ ಎದ್ರಿ, ನೀವಽ ಹೋದ್ರಿ. ನಾ ತುರ್ಭೆಕ್ಕ ಇಳಕೊಂಡೆ. ಮುಂದಿಂದು ನನಗೇನ್ ಗೊತ್ತ್ರಿ?"

ಸಾಕ್ಷಿಯೂ ಸಿಕ್ಕಿತು. ಇನ್ನೇನು ಬೇಕು?

ಚಿಕಿತ್ಸೆಯ ಎಂಟನೆಯ ತಿಂಗಳಲ್ಲಿ ಒಮ್ಮೆ ಜಾರಿದೆ. ಹಲ್ಲು ಕೀಳಿಸಿದಾಗ ಡೆಂಟಿಸ್ಟ್ ನೋವಿಗೆ ಅದೇ ಮಾತ್ರೆ ಬರೆದುಕೊಟ್ಟರು; ನನ್ನ ಇತಿಹಾಸ ನಾನು ಹೇಳಲಿಲ್ಲ. ನಾಲ್ಕು ದಿನ. ಐದನೆಯ ದಿನ ಟಿ.ವಿ. ನೋಡುತ್ತಿದ್ದಾಗ ಶಶಿಕಲಾ, "ಮೂಗು ತುರಿಸ್ತಾ ಇದ್ದೀರಿ" ಎಂದಳು. ಆ ಮಾತ್ರೆ ತಿಂದರೆ ನನಗೆ ಮೂಗು ತುರಿಸುತ್ತದೆ. ಇದನ್ನು ಯಾವ ಡಾಕ್ಟರೂ ಅವಳಿಗೆ ಹೇಳಿರಲಿಲ್ಲ. ಎರಡು ವರ್ಷದ ಹಳೆಯ ದೃಶ್ಯಗಳನ್ನು ಒಂದೊಂದಾಗಿ ನೆನೆದು ಅವಳೇ ಕಂಡುಹಿಡಿದದ್ದು. ಮರುದಿನ ಕಾಲೇಜಿಗೆ ರಜೆ ಹಾಕಿ, ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ಬಯ್ಯಲಿಲ್ಲ. ಮತ್ತೆ ಮೊದಲಿನಿಂದ ದಿನ ಎಣಿಸೋಣ ಎಂದರು.

ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ನಮ್ಮಂಥವರ ಬೈಠಕ್ ನಡೆಯುತ್ತಿತ್ತು. ವೃತ್ತದಲ್ಲಿ ಪ್ಲಾಸ್ಟಿಕ್ ಕುರ್ಚಿ, ಚಹಾ, ಒಬ್ಬೊಬ್ಬರ ಮಾತು. ಅಲ್ಲಿ ನನ್ನ ಘಣಸೋಲಿಯ ಕಥೆ ಬಹಳ ನಡೆಯಿತು. ಹೇಳಿ ಹೇಳಿ ಅದು ಪಾಠದಷ್ಟು ಚೊಕ್ಕವಾಯಿತು: ಯಾರೂ ಎಬ್ಬಿಸಲಾರರು, ಒಳಗಿನಿಂದ ಘಣಸೋಲಿ ಬರಬೇಕು, ಆಗ ನೀವೇ ಏಳುತ್ತೀರಿ. ಜನ ತಲೆಯಾಡಿಸುತ್ತಿದ್ದರು.

ಐದು ವರ್ಷದ ಮೇಲೆ ಅಲ್ಲಿಗೆ ಜಯಕರಣ್ಣ ಬಂದರು. ಕಲ್ಯಾಣದ ಒಂದು ಹೋಟೆಲಿನ ಮ್ಯಾನೇಜರು, ನಮ್ಮ ಊರಿನ ಕಡೆಯವರೇ. ಮೂತ್ರಪಿಂಡದ ಕಲ್ಲಿನ ನೋವಿಗೆ ಶುರುವಾದದ್ದು ಈಗ ಮಾತ್ರೆಯಿಲ್ಲದೆ ಹೋಟೆಲಿನ ಶಟರ್ ಎತ್ತಲಾಗದ ಸ್ಥಿತಿ. ಅವರ ಹೆಂಡತಿ ಸುಮತಿ ಕೈ ಹಿಡಿದು ಎಳೆದುಕೊಂಡೇ ಬಂದಿದ್ದರು. ನನ್ನ ಕಥೆ ಕೇಳಿ ಜಯಕರಣ್ಣನ ಮುಖ ಅರಳಿತು.

"ನೋಡು, ಸರ್ ಎಂತ ಹೇಳಿದ್ರು ಕೇಳಿದ್ಯಾ? ನಾನೇ ಏಳ್ಬೇಕು. ನೀನು ಎಳ್ಕೊಂಡು ಬಂದ್ರೆ ಪ್ರಯೋಜನ ಇಲ್ಲ."

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ. ಒಂದು ತಿಂಗಳ ಮೇಲೆ ಸುಮತಿ ಶಶಿಕಲಾಗೆ ಫೋನ್ ಮಾಡಿದರು. ಜಯಕರಣ್ಣ ಗಲ್ಲಾದಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾರೆ, ಕೈ ಇದ್ದಕ್ಕಿದ್ದಂತೆ ಅದುರುತ್ತದೆ, ಆಸ್ಪತ್ರೆ ಎಂದರೆ ಸಿಟ್ಟು. ಶಶಿಕಲಾ ಫೋನಿಟ್ಟು ಅಡುಗೆಮನೆಯಿಂದ ಬಂದಳು.

"ಅವ್ರು ನಿಮ್ಮ ಹೆಸ್ರು ಹೇಳಿಯೇ ಅವಳ ಬಾಯಿ ಮುಚ್ಚಿಸ್ತಾರಂತೆ. 'ಸರ್ ಒಬ್ರೇ ಹೋದ್ರು, ನಾನೂ ಒಬ್ನೇ ಹೋಗ್ತೇನೆ' ಅಂತ. ಕೈ ಅದುರುದು ಅಂದ್ರೆ ಎಂತ ಅಂತ ನಿಮ್ಗೆ ಗೊತ್ತುಂಟಲ್ಲ?"

ಗೊತ್ತಿತ್ತು. ನನಗೂ ಫಿಟ್ಸ್ ಬರುವ ಹಿಂದಿನ ವಾರ ಹಾಗೇ ಅದುರುತ್ತಿತ್ತು.

"ನಾನು ಹೇಳಿದ್ದು ನಿಜವೇ ಅಲ್ವಾ?" ಎಂದೆ.

"ನಿಜವಾ ಸುಳ್ಳಾ ನಂಗೆ ಗೊತ್ತಿಲ್ಲ. ನಾನು ಬರುವಾಗ ನೀವು ಹಾಸಿಗೆಯಲ್ಲಿ ಇದ್ರಿ. ಎಲ್ಲದಕ್ಕೂ ಪುರಾವೆ ಕೇಳ್ತೀರಲ್ಲ, ಇದಕ್ಕೂ ಒಮ್ಮೆ ಕೇಳಿ ನೋಡಿ. ಆ ಮನುಷ್ಯ ನಿಮ್ಮ ಕಥೆ ನಂಬಿ ಸಾಯ್ಬಾರ್ದು."

ಮೊದಲು ಮಲ್ಲಪ್ಪನನ್ನೇ ಇನ್ನೊಮ್ಮೆ ಕೇಳೋಣವೆಂದು ಹೊರಟೆ. ಅವನ ಟೋಳಿ ಭಿವಂಡಿಯ ಗೋದಾಮಿಗೆ ಹೋಗಿ ಮೂರು ವರ್ಷವಾಗಿತ್ತು. ಅಂದಿನಿಂದ ಅವನು ನಮ್ಮ ಟ್ರೇನಿಗೆ ಬರುತ್ತಿರಲಿಲ್ಲ. ಅವನ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಗುಜರಾತಿಯಲ್ಲಿ ಮಾತಾಡಿದರು. ದಿವಾದಲ್ಲಿ ಇಳಿದು ಕೇಳಿದೆ. ಅವನಿದ್ದ ಸಾಲುಕೋಣೆಗಳ ಚಾಳು ಒಡೆದು ಅಲ್ಲಿ ಏಳು ಮಹಡಿಯ ಕಟ್ಟಡ ಎದ್ದಿತ್ತು. ಮಲ್ಲಪ್ಪ ಎಂದರೆ ಎಂಥವರು ಎಂದು ಒಬ್ಬರು ಕೇಳಿದಾಗ, ನಾನು ಹೇಳಬಲ್ಲದ್ದು ಇಷ್ಟೇ ಎಂದು ತಿಳಿಯಿತು: ನನ್ನ ಎದುರು ನಿಂತಿರುತ್ತಿದ್ದ.

ಉಳಿದದ್ದು ಆಸ್ಪತ್ರೆಯ ಕಾಗದ. ನನ್ನದೇ ಕೇಸ್ ಪೇಪರಿನ ನಕಲು ಬೇಕೆಂದು ಅರ್ಜಿ ಕೊಟ್ಟೆ. ರೆಕಾರ್ಡ್ ರೂಮಿನ ಗುಮಾಸ್ತ, "ಕಶಾಲಾ ಪಾಹಿಜೆ? ಇನ್ಶುರನ್ಸ್?" ಎಂದು ಕಾರಣ ಕೇಳಿದ. ಒಂದು ಸಂಶಯವಿದೆ ಎಂದೆ. ಅಂಥ ಕಾರಣಕ್ಕೆ ಫಾರ್ಮಿನಲ್ಲಿ ಜಾಗವಿರಲಿಲ್ಲ. 'ವೈಯಕ್ತಿಕ' ಎಂದು ಬರೆದುಕೊಂಡ. ಎರಡು ಸಲ ತಿರುಗಿದ ಮೇಲೆ ಫೈಲು ಸಿಕ್ಕಿತು. ಕಾರಿಡಾರಿನಲ್ಲಿ ನಿಂತೇ ಮೊದಲ ಪುಟ ಓದಿದೆ. ಆಮೇಲೆ ಬೆಂಚಿನ ಮೇಲೆ ಕೂತು ಇನ್ನೊಮ್ಮೆ ಓದಿದೆ.

ಮರುದಿನ ಬೆಳಿಗ್ಗೆ ನಾನು ನೆರೂಳಿನ ಬದಲು ಕಲ್ಯಾಣದ ಟ್ರೇನು ಹತ್ತಿದೆ. ಜಯಕರಣ್ಣ ಗಲ್ಲಾದಲ್ಲಿದ್ದರು.

"ಓ ಸರ್, ಬನ್ನಿ ಬನ್ನಿ. ಚಾ ಹೇಳ್ಲಾ? ಬರ್ತೇನೆ ನಾನು, ಖಂಡಿತ ಬರ್ತೇನೆ. ಇನ್ನೂ ನನ್ನ ಘಣಸೋಲಿ ಬರ್ಲಿಲ್ಲ ಅಷ್ಟೇ."

"ಆ ಕಥೆ ಬಿಡಿ ಜಯಕರಣ್ಣ. ಅದು ತಪ್ಪು. ನಾನು ಎದ್ದಿರಲಿಲ್ಲ."

"ಅಂದ್ರೆ?"

"ಶರ್ಟು ಬದಲಿಸಿ. ದಾರಿಯಲ್ಲಿ ಹೇಳ್ತೇನೆ."

ಅವರು ಬೈದರು, ನಕ್ಕರು, ಅಡುಗೆಯವನ ಮೇಲೆ ರೇಗಿದರು, ಒಂದು ಗಂಟೆ ಕೂರಿಸಿದರು. ನಾನು ಏಳಲಿಲ್ಲ. ಕೊನೆಗೆ ಸುಮತಿ ಒಳಗಿನಿಂದ ಅವರ ಚಪ್ಪಲಿ ತಂದು ಗಲ್ಲಾದ ಮುಂದೆ ಇಟ್ಟರು. ಆಸ್ಪತ್ರೆಯ ಕಿಟಕಿಯಲ್ಲಿ ಫಾರ್ಮು ತುಂಬುವಾಗ, ಜೊತೆಗೆ ಬಂದವರು ಯಾರು ಎಂದು ಕೇಳಿದರು. ನನ್ನ ಹೆಸರು ಹೇಳಿದೆ. ಸಂಬಂಧ ಏನು ಎಂದು ಕೇಳಿದರು. ಜಯಕರಣ್ಣ ನನ್ನ ಮುಖ ನೋಡಿ, "ಊರಿನವ್ರು ಅಂತ ಬರೀರಿ" ಎಂದರು. ಅವರು ಈಗಲೂ ಬರುತ್ತಾರೆ. ಮಧ್ಯೆ ಎರಡು ಸಲ ತಪ್ಪಿಸಿದ್ದಾರೆ. ಎರಡು ಸಲವೂ ನಾನು ಕಲ್ಯಾಣಕ್ಕೆ ಹೋಗಿದ್ದೇನೆ.

ನನ್ನ ಫೈಲಿನಲ್ಲಿ ಇದ್ದದ್ದನ್ನೂ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಉಳಿದದ್ದೆಲ್ಲ ನನ್ನ ನೆನಪು, ಶಶಿಕಲಾಳ ನೆನಪು. ಯಾವುದು ಎಷ್ಟು ನಿಜ ಎಂದು ಪ್ರಮಾಣ ಮಾಡಲಾರೆ. ಇದೊಂದು ಮಾತ್ರ ಕಾಗದದ ಮೇಲಿದೆ, ನಾನು ಕಣ್ಣಾರೆ ನೋಡಿದ್ದೇನೆ. ಕ್ಯಾಶುವಲ್ಟಿ ಡಾಕ್ಟರರ ಅವಸರದ ಇಂಗ್ಲಿಷ್ ಅಕ್ಷರ, ಆ ಶನಿವಾರದ ತಾರೀಕು. ಟ್ರೇನಿನಲ್ಲಿ, ಘಣಸೋಲಿ ದಾಟಿದ ಮೇಲೆ, ಸೀಟಿನಿಂದ ಕೆಳಗೆ ಬಿದ್ದು ಫಿಟ್ಸ್. ಎರಡು ವರ್ಷದಿಂದ ನೋವಿನ ಮಾತ್ರೆ, ದಿನಕ್ಕೆ ಹತ್ತಕ್ಕಿಂತ ಹೆಚ್ಚು. ಅದರ ಕೆಳಗೆ ಮೂರು ಸಾಲು:

ಮಾಹಿತಿ ನೀಡಿದವರು: ಮಲ್ಲಪ್ಪ, ದಿವಾ. ರೋಗಿಯೊಂದಿಗೆ ಸಂಬಂಧ: ಟ್ರೇನಿನಲ್ಲಿ ಜೊತೆಗಾರ. ಮಾಹಿತಿ: ನಂಬಲರ್ಹ.